ಆಸ್ಪತ್ರೆಯ ದಿನವೇ ಹಟ ಹಿಡಿಯುತ್ತಿದ್ದ ಅಂಬಾಸಿಡರ್

ಗಾಡಿ ಚಾಲೂ ಆಗದಿದ್ದರೆ ಹೊಸ ಮಿಸ್ತ್ರಿಯ ಕೈ ಮೊದಲು ನಟ್ಟು ಬಿಚ್ಚುವ ಪಾನಾ ಹಿಡಿಯುತ್ತದೆ. ನನ್ನ ಕೈಯೂ ಹಾಗೇ ಹಿಡಿಯುತ್ತಿತ್ತು, ಆದ್ದರಿಂದ ಬೈಯುವ ಹಕ್ಕು ನನಗಿದೆ. ವಿಜಯಪುರದಲ್ಲಿ ನಲವತ್ತು ವರ್ಷ ಮೋಟಾರು ಗಾಡಿಗಳ ವಾಯರಿಂಗ್ ಕೆಲಸ ಮಾಡಿದವನು ನಾನು. ಹೋದ ವರ್ಷ ಅಥಣಿ ರಸ್ತೆಯ ಗ್ಯಾರೇಜಿನ ಕೀಲಿಕೈಯನ್ನು ಅಳಿಯನಿಗೆ ಕೊಟ್ಟು ಮನೆಯಲ್ಲಿ ಕೂತೆ. ಕೈಗೆ ಕೆಲಸ ತಪ್ಪಿದರೆ ಬಾಯಿಗೆ ಕೆಲಸ ಹೆಚ್ಚಾಗುತ್ತದೆ. ಈ ಧಂದೆಗೆ ಹೊಸದಾಗಿ ಇಳಿದವರು ಬಂದು, "ಕಾಕಾ, ಹಳೇ ಗಾಡಿ ಹೆಂಗ ನೋಡತಿದ್ರಿ?" ಎಂದು ಕೇಳುತ್ತಾರೆ. ದಿನಾ ಅದನ್ನೇ ಹೇಳಿ ಹೇಳಿ ಮನೆಯವರಿಗೆ ಬೇಸರ ಬಂದಿದೆ. ಅದಕ್ಕೇ ಬರೆದಿಟ್ಟುಬಿಡುತ್ತೇನೆ.

ಇದರಲ್ಲಿ ಬಹುಪಾಲು ಒಂದೇ ಗಾಡಿಯ ಮಾತು. ಬಬಲೇಶ್ವರದ ಗುರುಪಾದ ಮಾಸ್ತರರ ಅಂಬಾಸಿಡರ್. ಮಾಸ್ತರರು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಸರಕಾರಿ ಹರಾಜಿನಲ್ಲಿ ಹಿಡಿದ ಹಳೆಯ ಬಿಳಿ ಪೆಟ್ರೋಲ್ ಗಾಡಿಯನ್ನು ಮನೆಯ ಆಕಳಿನ ಹಾಗೆ ಮೈ ತೊಳೆದು ಇಟ್ಟುಕೊಂಡಿದ್ದರು. ಅವರ ಎರಡೂ ಕಿಡ್ನಿ ಕೆಟ್ಟವು. ಸೋಮವಾರ, ಬುಧವಾರ, ಶನಿವಾರ ವಿಜಯಪುರದ ಆಸ್ಪತ್ರೆಗೆ ಬಂದು ಮಷೀನಿನ ಮೇಲೆ ನಾಲ್ಕು ತಾಸು ಮಲಗಿ ರಕ್ತ ಶುದ್ಧ ಮಾಡಿಸಿಕೊಳ್ಳಬೇಕಾಯಿತು. ಮುಂಜಾನೆ ಎಂಟಕ್ಕೆ ಅವರ ಪಾಳಿ. ತಡವಾಗಿ ಹೋದರೆ ತಡವಾದಷ್ಟು ಹೊತ್ತು ಕಡಿತ, ಯಾಕೆಂದರೆ ಅದೇ ಹಾಸಿಗೆಗೆ ಮುಂದಿನ ಪಾಳಿಯವರು ಬಾಗಿಲಲ್ಲಿ ಕೂತಿರುತ್ತಾರೆ.

ಗಾಡಿ ನಡೆಸುತ್ತಿದ್ದವರು ಅವರ ಹೆಂಡತಿ ಶಾಂತಾಬಾಯಿ. ಗಂಡನೇ ಕಲಿಸಿದ್ದು. ಬಸ್ಸಿಗೇನೂ ಕಡಿಮೆಯಿಲ್ಲ, ಬಾಡಿಗೆ ಕಾರೂ ಸಿಗುತ್ತವೆ. ಆದರೆ ಮಷೀನಿನಿಂದ ಎದ್ದ ಮನುಷ್ಯನಿಗೆ ಕೂತುಕೊಳ್ಳುವಷ್ಟೂ ಕಸುವು ಇರುವುದಿಲ್ಲ. ಅಂಬಾಸಿಡರಿನ ಹಿಂದಿನ ಸೀಟು ಹೊರಸಿನ ಹಾಗೆ ಅಗಲ. ಮಾಸ್ತರರು ಅಲ್ಲಿ ಅಡ್ಡಾಗಿ, ಹೆಂಡತಿಯ ಸೀರೆ ಹೊದ್ದುಕೊಂಡು ಊರು ಮುಟ್ಟುತ್ತಿದ್ದರು. ಆದ್ದರಿಂದ ಆ ಗಾಡಿ ವಾರಕ್ಕೆ ಮೂರು ಮುಂಜಾನೆ ಚಾಲೂ ಆಗಲೇಬೇಕಿತ್ತು. ದಸರೆಯ ಮುಂದಿನ ವಾರದಿಂದ ಅದು ಆಗದಾಯಿತು.

"ಸಿದ್ದಪ್ಪಣ್ಣ, ಗಾಡಿ ಚಾಲೂ ಆಗವಲ್ದು," ಎಂದು ಒಂದು ಬುಧವಾರ ಶಾಂತಾಬಾಯಿ ಫೋನು ಮಾಡಿದರು. "ಸೆಲ್ಫ್ ತಿರಗತೈತಿ, ಇಂಜಿನ್ ಹಿಡಿಯವಲ್ದು. ಓಣಿ ಮಂದಿ ದಬ್ಬಿ ದಬ್ಬಿ ಸಾಕಾದ್ರು."

"ಪೆಟ್ರೋಲ್ ವಾಸನಿ ಬರತೈತೇನ್ರಿ ಅಕ್ಕಾರ?"

"ಮೂಗ ಮುಚ್ಚೂವಷ್ಟ ಬರತೈತಿ."

"ಅಂದ್ರ ಪೆಟ್ರೋಲ್ ಐತಿ, ಕಿಡಿ ಇಲ್ಲ. ಹತ್ತ ನಿಮಿಷ ಬಿಟ್ಟು ನೋಡ್ರಿ."

ಅರ್ಧ ತಾಸಿನ ಮೇಲೆ ಅದು ತಾನಾಗಿಯೇ ಚಾಲೂ ಆಯಿತು. ಮಾಸ್ತರರನ್ನು ಮಷೀನಿಗೆ ಹಚ್ಚಿ, ಅವರು ಮಲಗಿರುವ ನಾಲ್ಕು ತಾಸಿನಲ್ಲೇ ಶಾಂತಾಬಾಯಿ ಗಾಡಿಯನ್ನು ನನ್ನ ಗ್ಯಾರೇಜಿಗೆ ತಂದು ನಿಲ್ಲಿಸಿದರು. ನಾನು ಕೀಲಿ ತಿರುಗಿಸಿದೆ. ಕರೆದಾಗ ಓಗೊಟ್ಟ ಹಾಗೆ ಒಂದೇ ಸಲಕ್ಕೆ ಚಾಲೂ. ಮಿಸ್ತ್ರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಡಾಕ್ಟರರ ಮುಂದೆ ಕೂತ ಕೂಡಲೇ ಕೆಮ್ಮು ನಿಂತುಬಿಡುವ ರೋಗಿ ಇರುತ್ತಾನಲ್ಲ, ಅಂಥದ್ದು.

ಆದರೂ ಬಾನೆಟ್ ಎತ್ತಿದೆ. ಹಳೆಯ ಗಾಡಿಯ ಕಿಡಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಹೇಳಿಬಿಡುತ್ತೇನೆ, ಮುಂದೆ ತೊಡಕಾಗುವುದಿಲ್ಲ. ಬ್ಯಾಟರಿಯ ಸಣ್ಣ ಕರೆಂಟನ್ನು ಕಾಯಿಲ್ ಎಂಬ ತಂಬಿಗೆಯಂಥ ಡಬ್ಬಿ ಬಲಗೊಳಿಸುತ್ತದೆ. ಅದರ ನೆತ್ತಿಯಿಂದ ದಪ್ಪ ವಾಯರ್ ಒಂದು ಡಿಸ್ಟ್ರಿಬ್ಯೂಟರಿಗೆ ಹೋಗುತ್ತದೆ. ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟ್ ಎಂಬ ಎರಡು ತುಟಿಗಳು ತೆರೆದು ಮುಚ್ಚಿ ಮಾಡುತ್ತವೆ, ಮೇಲೆ ರೋಟರ್ ತಿರುಗುತ್ತದೆ, ತಿರುಗುತ್ತ ನಾಲ್ಕು ಪ್ಲಗ್ಗುಗಳಿಗೆ ಸರದಿಯ ಮೇಲೆ ಕಿಡಿ ಬಡಿಸುತ್ತದೆ. ಪಂಕ್ತಿಯಲ್ಲಿ ಬಡಿಸಿದ ಹಾಗೆ. ಒಬ್ಬನ ಎಲೆಗೆ ತಪ್ಪಿದರೂ ಗದ್ದಲ, ಬಡಿಸುವವನೇ ಬರದಿದ್ದರೆ ಎಲ್ಲರೂ ಉಪವಾಸ.

ಇದನ್ನು ನನಗೆ ಕಲಿಸಿದವರು ಸ್ಟೇಷನ್ ರಸ್ತೆಯ ದಸ್ತಗೀರ ಉಸ್ತಾದರು. ನಾನು ಮಮದಾಪುರದ ಕುರಿ ಕಾಯುವ ಮನೆತನದವನು. ದೂರದಲ್ಲಿ ಕುಂಟುವ ಕುರಿಯ ಯಾವ ಕಾಲಿಗೆ ಮುಳ್ಳು ಚುಚ್ಚಿದೆ ಎಂದು ಹೇಳಬಲ್ಲವನಾಗಿದ್ದೆ. ಉಸ್ತಾದರು ಅದೊಂದೇ ಗುಣ ನೋಡಿ ನನ್ನನ್ನು ಇಟ್ಟುಕೊಂಡರು. ಅವರ ಬಾಯಿ ಹೊಲಸು, ಕೈ ಬಂಗಾರ. "ಲೇ ಸಿದ್ಯಾ, ಮೊದಲ ಮಾಲಕನ್ನ ಕೇಳು, ಆಮ್ಯಾಲ ಗಾಡೀನ ಕೇಳು, ಕಡೀಕ ಪಾನಾ ಮುಟ್ಟು. ಮೊದಲs ಪಾನಾ ಮುಟ್ಟಾಂವ ಮಿಸ್ತ್ರಿ ಅಲ್ಲ, ಕಟುಗ," ಎನ್ನುತ್ತಿದ್ದರು.

ಅವರ ಬೈಗುಳ ಎಷ್ಟು ತಿಂದಿದ್ದೇನೋ ಲೆಕ್ಕವಿಲ್ಲ, ಆದರೆ ಒಂದು ಮಾತ್ರ ಮರೆಯುವಂಥದ್ದಲ್ಲ. ತಿಕೋಟಾದ ಡಾಕ್ಟರೊಬ್ಬರ ಪೆಟ್ರೋಲ್ ಜೀಪು. ಸಂತೆಯ ದಿನ. ಉಸ್ತಾದರು ಚಹಾಕ್ಕೆ ಹೋದರು. ನಾನು ಜಾಣತನ ತೋರಿಸಲು ನಾಲ್ಕೂ ಪ್ಲಗ್ ವಾಯರ್ ಬಿಚ್ಚಿ, ಒರೆಸಿ, ಕೈಗೆ ಸಿಕ್ಕ ಹಾಗೆ ಮರಳಿ ಸಿಕ್ಕಿಸಿದೆ. ಡಾಕ್ಟರರು ಸೆಲ್ಫ್ ಹೊಡೆದರು. ಢಂ ಎಂದಿತು. ಸೈಲೆನ್ಸರ್ ಬಾಯಿ ಬಿಟ್ಟುಕೊಂಡಿತು, ಸಂತೆಯ ಆಡುಗಳು ಹಗ್ಗ ಕಿತ್ತುಕೊಂಡು ಓಡಿದವು, ಟೊಮೆಟೊ ಮಾರುವ ಮುದುಕಿ ನನ್ನ ಏಳು ಪೀಳಿಗೆಯನ್ನು ಹೆಸರು ಹಿಡಿದು ಕರೆದಳು. ಉಸ್ತಾದರು ಬಂದು ವಾಯರುಗಳನ್ನು ಸರದಿಯಂತೆ ಸಿಕ್ಕಿಸಿ ಜೀಪು ಚಾಲೂ ಮಾಡಿಕೊಟ್ಟರು. ವಿಜಯಪುರಕ್ಕೆ ಮರಳುವ ಬಸ್ಸಿನಲ್ಲಿ ನನ್ನನ್ನು ನಿಲ್ಲಿಸಿ, ಕಿಡಿ ಬಡಿಸುವ ಸರದಿಯನ್ನು ದಾರಿಯುದ್ದಕ್ಕೂ ಗಟ್ಟಿಯಾಗಿ ಒದರಿಸಿದರು. "ಒಂದು, ಮೂರು, ನಾಲ್ಕು, ಎರಡು. ಒಂದು, ಮೂರು, ನಾಲ್ಕು, ಎರಡು." ಮುಂದಿನ ಸೀಟಿನ ಅಜ್ಜ ತಿರುಗಿ ಮೆಲ್ಲಗೆ ಕೇಳಿದ: "ಇವತ್ತಿನ ಮಟಕಾ ನಂಬರೇನೋ ತಮ್ಮಾ?" ಇವತ್ತಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಆ ಸರದಿ ಹೇಳುತ್ತೇನೆ.

ಮಾಸ್ತರರ ಗಾಡಿಗೆ ಬರುತ್ತೇನೆ. ಪಾಯಿಂಟ್ ಬಿಚ್ಚಿ ನೋಡಿದೆ. ಸ್ವಲ್ಪ ಕಪ್ಪಾಗಿದ್ದವು. ಉಜ್ಜಿ, ಸಂದು ಸರಿ ಮಾಡಿ, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಹೊಸದು ಹಾಕಿದೆ. "ಇನ್ನ ಚಿಂತಿ ಬಿಡ್ರಿ ಅಕ್ಕಾರ," ಎಂದೆ. ನಲವತ್ತು ವರ್ಷದ ಮಿಸ್ತ್ರಿ ಹಾಗೆ ಹೇಳಿದರೆ ಯಾರಾದರೂ ನಂಬುತ್ತಾರೆ. ಅವರೂ ನಂಬಿದರು. ಶನಿವಾರ ಮತ್ತೆ ಫೋನು ಬಂತು.

ಎರಡನೇ ಸಲ ಬಂದಾಗ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದೆ. ಆ ಮುಚ್ಚಳ ತೆಗೆದಾಗಲೆಲ್ಲ ನನಗೆ ಹೊನವಾಡದ ಮಲ್ಲನಗೌಡರು ನೆನಪಾಗುತ್ತಾರೆ. ದೊಡ್ಡ ದ್ರಾಕ್ಷಿ ತೋಟದವರು. ಮನೆಯ ಮುಂದೆ ಹಳೆಯ ಕಾರು, ಮನೆಯ ತುಂಬ ಬೀಗರು. ಬೀಗರಿಗೆಲ್ಲ ಕಾರಿನ ಮೇಲೆ ಕಣ್ಣು. ಇಲ್ಲ ಎನ್ನಲು ಗೌಡರಿಗೆ ಮುಖವಿಲ್ಲ. ಒಮ್ಮೆ ಕಾರು ಸುತರಾಂ ಚಾಲೂ ಆಗುವುದಿಲ್ಲವೆಂದು ನನ್ನನ್ನು ಕರೆಸಿದರು. ಅರ್ಧ ದಿನ ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ, ಪೆಟ್ರೋಲ್ ಪೈಪು ಊದಿದೆ. ಕೊನೆಗೆ ಮುಚ್ಚಳ ತೆಗೆದರೆ ಒಳಗೆ ರೋಟರೇ ಇಲ್ಲ! ಗೌಡರು ತಲೆ ಕೆರೆದುಕೊಂಡು ನನ್ನನ್ನು ಮರೆಗೆ ಕರೆದರು. ಬೀಗರು ಬಂದಾಗಲೆಲ್ಲ ತಾವೇ ರೋಟರ್ ಕಿತ್ತು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, "ಗಾಡಿ ಕೆಟ್ಟೈತ್ರಿ" ಎನ್ನುವ ರೂಢಿಯಂತೆ. ಈ ಸಲ ಆ ಅಂಗಿ ಅಗಸರ ಮನೆಗೆ ಹೋಗಿತ್ತು, ಕಿತ್ತಿದ್ದು ಗೌಡರಿಗೆ ಮರೆತಿತ್ತು. ರೋಟರ್ ಇಸ್ತ್ರಿಯಾದ ಅಂಗಿಯ ಜೊತೆಗೆ ಮರಳಿ ಬಂತು, ಸ್ವಚ್ಛವಾಗಿ. ಮನುಷ್ಯರು ಗಾಡಿಗೆ ಏನೇನು ಮಾಡುತ್ತಾರೆ ಎಂಬುದನ್ನು ಕೇಳದೆ ಗಾಡಿಯನ್ನು ಬಿಚ್ಚಬಾರದು ಎಂದು ಆವತ್ತು ನನಗೆ ಗೊತ್ತಾಗಬೇಕಿತ್ತು. ಗೊತ್ತಾಯಿತು ಎಂದೇ ತಿಳಿದುಕೊಂಡಿದ್ದೆ.

ಮಾಸ್ತರರ ಗಾಡಿಯಲ್ಲಿ ರೋಟರ್ ಇತ್ತು, ಮುಚ್ಚಳಕ್ಕೆ ಬಿರುಕಿರಲಿಲ್ಲ. ಆದರೂ ಮುಚ್ಚಳ, ವಾಯರು, ನಾಲ್ಕು ಪ್ಲಗ್ಗು, ಎಲ್ಲ ಬದಲಿಸಿದೆ. ಅಳಿಯ ದೂರ ನಿಂತು ನೋಡುತ್ತಿದ್ದ. ಅವನದು ಹೊಸ ಗಾಡಿಗಳ ಕೆಲಸ. ಸ್ಕ್ಯಾನರ್ ಚುಚ್ಚುತ್ತಾನೆ, ಪರದೆಯ ಮೇಲೆ ರೋಗದ ಹೆಸರು ಬರುತ್ತದೆ.

"ಮಾವಾ, ಇದರಾಗ ನಂದು ಚುಚ್ಚಾಕ ಜಾಗಾನ ಇಲ್ಲ ನೋಡ್ರಿ," ಎಂದ.

"ನನ್ನ ಕಿವೀನs ಸ್ಕ್ಯಾನರ್ ಐತಿ, ನಡಿ," ಎಂದು ಗದರಿಸಿದೆ.

ಅವನ ಯಂತ್ರದ ಮೇಲೆ ನನಗೇನೂ ಸಿಟ್ಟಿಲ್ಲ. ಅದೂ ಒಂದು ಕಿವಿಯೇ. ಆದರೆ ಒಂದರ ಹಿಂದೆ ಒಂದು ಸಾಮಾನು ಬದಲಿಸಿ, ಯಾವುದರಿಂದ ಗುಣವಾಯಿತೋ ಗೊತ್ತಿಲ್ಲದೆ ಕೈ ತೊಳೆದುಕೊಳ್ಳುವ ಮಿಸ್ತ್ರಿಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಬೇರೆಯವರಲ್ಲಿ ಅದಕ್ಕೆ ಬದಲಿ ರೋಗ ಎಂದು ಹೆಸರಿಟ್ಟು ನಕ್ಕವನು ನಾನು. ಆ ದಿನ ಅದೇ ರೋಗ ನನಗೆ ಬಡಿದಿತ್ತು.

ಸೋಮವಾರ ಮತ್ತೆ ಹಟ ಹಿಡಿಯಿತು. ಬುಧವಾರವೂ. ಮೂರನೇ ಸಲ ಗ್ಯಾರೇಜಿಗೆ ಬಂದಾಗ ಉಳಿದದ್ದು ಕಾಯಿಲ್ ಒಂದೇ. ಹಳೆಯದನ್ನು ತೆಗೆದು ಹೊಸದು ಕೂಡಿಸಿದೆ. ಕೂಡಿಸಿ, ವಿಭೂತಿ ಗಟ್ಟಿ ತರಿಸಿ, ಮೂರು ಬೆರಳು ಒದ್ದೆ ಮಾಡಿ ಅದರ ನೆತ್ತಿಗೆ ಮೂರು ಪಟ್ಟಿ ಎಳೆದೆ. ಇದು ನನ್ನ ಗ್ಯಾರೇಜಿನ ಸಂಪ್ರದಾಯ. ಮಹಾನವಮಿಯ ಖಂಡೇ ಪೂಜೆಗೆ ಎಲ್ಲರೂ ಗಾಡಿಯ ಮೂತಿಗೆ ವಿಭೂತಿ, ಕುಂಕುಮ ಹಚ್ಚುತ್ತಾರೆ. ನಾನು ಗಿರಾಕಿಗಳನ್ನು ಕರೆದು, ಬಾನೆಟ್ ಎತ್ತಿಸಿ, ಕಾಯಿಲಿಗೂ ಹಚ್ಚುತ್ತಿದ್ದೆ. ನನ್ನ ಅನ್ನ ಹುಟ್ಟುವುದೇ ಅಲ್ಲಿ. ಜನರಿಗೂ ಅದು ಹಿಡಿಸಿತ್ತು. ಪೂಜೆ ಮಾಡಿಸಿಕೊಂಡು ಹೋಗಲೆಂದೇ ಎಷ್ಟೋ ಮಂದಿ ಬರುತ್ತಿದ್ದರು. ಶಾಂತಾಬಾಯಿಯೂ ಆ ದಸರೆಗೆ ಬಂದಿದ್ದರು.

ಹೊಸ ಕಾಯಿಲ್, ಮೇಲೆ ವಿಭೂತಿ. ಇನ್ನೇನು ಕೆಟ್ಟೀತು? ಗುರುವಾರ ಮಧ್ಯಾಹ್ನ ಗ್ಯಾರೇಜಿನ ಮುಂದೆ ಅದೇ ಅಂಬಾಸಿಡರ್ ಬಂದು ನಿಂತಿತು. ಆಸ್ಪತ್ರೆಯ ದಿನವಲ್ಲ. ಶಾಂತಾಬಾಯಿ ಒಬ್ಬರೇ ಇಳಿದರು. ಸ್ಟೂಲು ಕೊಟ್ಟೆ, ಕೂಡಲಿಲ್ಲ.

"ಇವತ್ತ ಹೆಂಗ ಚಾಲೂ ಆತ್ರಿ?" ಎಂದೆ.

"ಒಂದs ಸಲಕ್ಕ. ಮಂಗಳವಾರಾನೂ ಒಂದs ಸಲಕ್ಕ. ಸಂತಿಗೆ ಹೋದ್ರ ಒಂದs ಸಲಕ್ಕ. ಇವರನ್ನ ಕರಕೊಂಡು ಹೊಂಟ ದಿನ ಅಷ್ಟs ಆಗೂದುಲ್ಲ." ಅವರ ದನಿ ಒಡೆಯಿತು. "ಇವರು ಏನ್ ಅನಾಕತ್ತಾರ ಗೊತ್ತೇನ್ರಿ? 'ಗಾಡಿಗೂ ತಿಳದೈತಿ ಶಾಂತಾ, ನನಗ ತಿಳೀಲಿಲ್ಲ. ಸಾಕಿನ್ನ' ಅಂತಾರ. ಶನಿವಾರ ಕಡೀ ಸಲ ನೋಡ್ತಾರಂತ. ಅವತ್ತೂ ಹಟ ಹಿಡದ್ರ ಮಷೀನಿಗೆ ಬರೂದs ಬಿಡತಾರಂತ. ಹಟಮಾರಿ ಮನಶ್ಯಾ, ಅಂದಂಗ ಮಾಡತಾರ. ಮಷೀನ್ ಬಿಟ್ರ ಎಷ್ಟ ದಿನದ ಮಾತು ಅದು, ನೀವs ಹೇಳ್ರಿ."

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ಮನುಷ್ಯ ಗಾಡಿಯ ಶಕುನ ನೋಡುತ್ತಾನೆಯೇ ಎಂದು ಮೊದಲು ಸಿಟ್ಟು ಬಂತು. ಆಮೇಲೆ, ವಾರಕ್ಕೆ ಮೂರು ಸಲ ದಪ್ಪ ಸೂಜಿ ಚುಚ್ಚಿಸಿಕೊಳ್ಳುವವನಿಗೆ ನಿಲ್ಲಿಸಲು ಒಂದು ನೆಪ ಬೇಕಾಗಿರಬಹುದು, ಆ ನೆಪವನ್ನು ನನ್ನ ಸೋಲು ಒದಗಿಸುತ್ತಿದೆ ಎಂದು ಹೊಳೆಯಿತು.

ಆದರೆ ಅವರ ಮಾತಿನಲ್ಲಿ ಕೆಲಸಕ್ಕೆ ಬರುವ ಒಂದು ಸಂಗತಿ ಇತ್ತು. ಗಾಡಿಗೆ ವಾರ, ತಿಥಿ ಗೊತ್ತಾಗುವುದಿಲ್ಲ. ಅದು ಆ ಮೂರು ದಿನ ಮಾತ್ರ ಕೆಡುತ್ತದೆ ಎಂದರೆ ಆ ಮೂರು ದಿನ ಮಾತ್ರ ಯಾರೋ ಅದಕ್ಕೆ ಏನೋ ಮಾಡುತ್ತಾರೆ. ಗ್ಯಾರೇಜಿನಲ್ಲಿ ಕೂತು ಅದನ್ನು ನೋಡಲಾಗುವುದಿಲ್ಲ. "ಶನಿವಾರ ಮುಂಜಾನೆ ನಾನs ಬರ್ತೇನ್ರಿ. ನಾ ಬರೂತನಕಾ ಗಾಡಿ ಮುಟ್ಟಬ್ಯಾಡ್ರಿ," ಎಂದು ಹೇಳಿ ಕಳಿಸಿದೆ. ಅಂಥ ಹೊತ್ತಿನಲ್ಲಿ ನನಗೆ ಒಂದು ಧೈರ್ಯ ಬರುತ್ತದೆ, ಅದು ಜಂಬ ಎಂದವರೂ ಇದ್ದಾರೆ. ಕೆಟ್ಟದ್ದು ಕಣ್ಣೆದುರಿಗೆ ಕೆಟ್ಟರೆ ಅದು ನನ್ನ ಕೈ ತಪ್ಪಿಸಿಕೊಂಡು ಹೋಗುವುದಿಲ್ಲ.

ಶುಕ್ರವಾರ ಮಮದಾಪುರದ ಅಣ್ಣನ ಮನೆಯಲ್ಲಿ ಉಳಿದು, ಶನಿವಾರ ಮೊದಲ ಬಸ್ಸಿಗೆ ಬಬಲೇಶ್ವರದಲ್ಲಿ ಇಳಿದೆ. ಆರೂವರೆ ಆಗಿತ್ತು. ಮನೆಯ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ ಗಾಡಿ ನಿಂತಿತ್ತು. ಮಾಸ್ತರರು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಮೈ ಇಳಿದುಹೋಗಿತ್ತು, ಎಡಗೈಯ ನರಗಳು ಗಂಟುಗಂಟಾಗಿ ಎದ್ದಿದ್ದವು.

"ಬಾ ಸಿದ್ದಪ್ಪ. ಕಡೀ ಪರೀಕ್ಷಾಕ ನೀನs ಬಂದಿ, ಚಲೋ ಆತು," ಎಂದರು. ನಗಲಿಲ್ಲ.

"ಪರೀಕ್ಷಾ ನಂದ್ರಿ ಮಾಸ್ತರ, ನಿಮ್ದಲ್ಲ. ನಾ ಇಲ್ಲಿ ಇಲ್ಲ ಅಂತ ತಿಳಕೋರಿ. ದಿನಾ ಹೆಂಗ ಹೊಂಡ್ತೀರಿ, ಹಂಗs ಹೊಂಡ್ರಿ."

ಕಟ್ಟೆಯ ಮೇಲೆ ಕೂತು ನೋಡುತ್ತ ಹೋದೆ. ಶಾಂತಾಬಾಯಿ ಸ್ನಾನ ಮಾಡಿ ಬಂದರು. ಚೀಲದಲ್ಲಿ ಆಸ್ಪತ್ರೆಯ ಕಾಗದ, ಹೊದಿಕೆ, ರೊಟ್ಟಿಯ ಗಂಟು ಇಟ್ಟರು. ದೇವರ ಮುಂದೆ ಕೈ ಮುಗಿದು, ಒಂದು ಕೈಯಲ್ಲಿ ವಿಭೂತಿ, ಇನ್ನೊಂದು ಕೈಯಲ್ಲಿ ನೀರಿನ ಬಟ್ಟಲು ಹಿಡಿದು ಹೊರಗೆ ಬಂದರು. ಗಂಡನ ಹಣೆಗೆ ಮೂರು ಪಟ್ಟಿ ಎಳೆದರು. ಅಲ್ಲಿಂದ ನೆಟ್ಟಗೆ ಶೆಡ್ಡಿಗೆ ನಡೆದರು. ಬಟ್ಟಲನ್ನು ಮಡ್‌ಗಾರ್ಡಿನ ಮೇಲಿಟ್ಟು, ಬಾನೆಟ್ ಎತ್ತಿದರು. ಮೂರು ಬೆರಳು ನೀರಿನಲ್ಲಿ ಅದ್ದಿ, ವಿಭೂತಿಗೆ ತಿಕ್ಕಿ, ಕಾಯಿಲಿನ ನೆತ್ತಿಯ ಮೇಲೆ ನಿಧಾನವಾಗಿ ಮೂರು ಪಟ್ಟಿ ಎಳೆದರು. ಕಣ್ಣು ಮುಚ್ಚಿ ಏನೋ ಬೇಡಿಕೊಂಡರು. ಬಾನೆಟ್ ಹಾಕಿ, ಒಳಗೆ ಕೂತು ಸೆಲ್ಫ್ ಹೊಡೆದರು.

ಗಾಡಿ ಚಾಲೂ ಆಗಲಿಲ್ಲ.

ನಾನು ಕಟ್ಟೆಯಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಬಾನೆಟ್ ಎತ್ತಿ, ಶೆಡ್ಡಿನ ಕತ್ತಲಿಗೆ ಮುಖ ಹತ್ತಿರ ಹಿಡಿದು, "ಅಕ್ಕಾರ, ಇನ್ನೊಮ್ಮೆ ಹೊಡೀರಿ," ಎಂದೆ. ಚಿಟ್ ಚಿಟ್ ಎಂದು ಸದ್ದು. ಕಾಯಿಲಿನ ನೆತ್ತಿಯಿಂದ ದಪ್ಪ ವಾಯರಿಗೆ ಹೋಗಬೇಕಾದ ಕಿಡಿ ಆ ಒದ್ದೆ ವಿಭೂತಿಯ ಪಟ್ಟಿ ಹಿಡಿದು, ನೀಲಿ ದಾರದ ಹಾಗೆ ಹರಿದಾಡಿ, ಪಕ್ಕದ ಸಣ್ಣ ವಾಯರು ಬಿಗಿದ ಮೊಳೆಗೆ ಇಳಿದು ಸತ್ತುಹೋಗುತ್ತಿತ್ತು. ಪ್ಲಗ್ಗಿಗೆ ಹನಿಯೂ ಮುಟ್ಟುತ್ತಿರಲಿಲ್ಲ. ಅರ್ಧ ತಾಸಿನಲ್ಲಿ ಪಟ್ಟಿ ಒಣಗುತ್ತದೆ, ದಾರಿ ಮುಚ್ಚುತ್ತದೆ, ಗಾಡಿ ತಾನಾಗಿ ಚಾಲೂ ಆಗುತ್ತದೆ. ನನ್ನ ಗ್ಯಾರೇಜಿಗೆ ಬರುವ ಹೊತ್ತಿಗೆ ಪೂರಾ ಒಣಗಿರುತ್ತದೆ. ಮೂರು ಸಲ ಆ ಬಾನೆಟ್ ಎತ್ತಿದ್ದೆ, ಮೂರು ಸಲವೂ ಆ ಪಟ್ಟಿ ನೋಡಿದ್ದೆ. ನಾನೇ ಖಂಡೇ ಪೂಜೆಗೆ ಹಚ್ಚಿದ್ದು ಎಂದುಕೊಂಡು, ಅರಿವೆಯಿಂದ ಸುತ್ತಲೂ ಒರೆಸಿ ಅದನ್ನು ಮಾತ್ರ ಬಿಟ್ಟಿದ್ದೆ. ಒಮ್ಮೆ ಕಣ್ಣಿಗೂ ಒತ್ತಿಕೊಂಡಿದ್ದೆ.

"ಅಕ್ಕಾರ, ಇಲ್ಲಿ ಹಚ್ಚಾಕ ನಿಮಗ ಯಾರ್ ಹೇಳಿದ್ರು?"

"ನೀವs ಅಲ್ಲೇನ್ರಿ! ದಸರಾದಾಗ ಹಚ್ಚಿ, 'ಗಾಡೀದ ಜೀವ ಇಲ್ಲೇ ಐತಿ ಅಕ್ಕಾರ' ಅಂದ್ರಿ. ಅವತ್ತಿಂದ ಇವರ ಹಣಿಗೆ ಹಚ್ಚಿದ ದಿನ ಇದಕ್ಕೂ ಹಚ್ಚತೇನಿ. ಇಬ್ರೂ ಸುರಳೀತ ಹೋಗಿ ಬರ್ಲಿ ಅಂತ."

ನನಗೆ ನಾಚಿಕೆಯಾಯಿತು. ಬೇರೆ ಮಾತು ಹುಡುಕುವುದಿಲ್ಲ. ಆ ವಾರವೇ ನನ್ನ ಹಳೆಯ ಗಿರಾಕಿಗಳಿಗೆಲ್ಲ ಫೋನು ಹಚ್ಚಿ ಕಾಯಿಲ್ ಒರೆಸಲು ಹೇಳಿದೆ, ಹೇಳಿ ನಗೆಪಾಟಲಾದೆ. ಅದೆಲ್ಲ ಆಮೇಲಿನ ಮಾತು. ಆ ಹೊತ್ತಿಗೆ ನನ್ನ ಮುಂದೆ ಇದ್ದದ್ದು ಒಂದೇ. ಪಟ್ಟಿ ಒರೆಸಿ ಗಾಡಿ ಚಾಲೂ ಮಾಡಿಬಿಡುವುದು ಅರ್ಧ ನಿಮಿಷದ ಕೆಲಸ. ಆದರೆ ಪಡಸಾಲೆಯ ಕುರ್ಚಿಯಲ್ಲಿ ಕೂತವರು ಇದನ್ನು ತಮ್ಮ ಕಣ್ಣಿನಿಂದ ನೋಡದಿದ್ದರೆ ನನ್ನ ದುರಸ್ತಿ ಅರ್ಧವೇ ಆಗುತ್ತಿತ್ತು.

"ಮಾಸ್ತರ, ಒಂದೀಟ ಇಲ್ಲಿ ಬರ್ರಿ."

"ನಾ ಬಂದು ಏನ್ ಮಾಡ್ಲೋ? ಹಿಡೀಲಿಲ್ಲಲ್ಲ, ಮುಗೀತು."

"ನೀವು ಕಲಿಸಿದ ಪಾಠ ಐತ್ರಿ ಇಲ್ಲಿ. ಬರ್ರಿ."

ಬಡಿಗೆ ಊರಿಕೊಂಡು ಬಂದರು. ಅವರ ತಲೆಯನ್ನು ಬಾನೆಟ್ಟಿನ ನೆರಳಿಗೆ ಬಗ್ಗಿಸಿದೆ. ಶಾಂತಾಬಾಯಿ ಸೆಲ್ಫ್ ಹೊಡೆದರು. ನೀಲಿ ದಾರ ಹರಿದಾಡಿತು. ಮಾಸ್ತರರು ಇನ್ನೂ ಬಗ್ಗಿ ನೋಡಿದರು. "ಇನ್ನೊಮ್ಮೆ," ಎಂದರು. ಮತ್ತೆ ನೋಡಿದರು. ನಾನು ಒಣ ಅರಿವೆಯಿಂದ ಕಾಯಿಲಿನ ನೆತ್ತಿಯನ್ನು ಗಸಗಸ ಒರೆಸಿ, "ಈಗ ಹೊಡೀರಿ ಅಕ್ಕಾರ," ಎಂದೆ. ಕೀಲಿ ತಿರುಗಿದ್ದೇ ತಡ, ಇಂಜಿನ್ ಹಿಡಿಯಿತು. ಓಣಿಯ ನಾಯಿ ಎದ್ದು ಬೊಗಳಿತು.

ನಿಲ್ಲಿಸಲು ಹೇಳಿದೆ. ನಿಲ್ಲಿಸಿದರು. ನಾನೇ ಮೂರು ಬೆರಳು ಅದ್ದಿ ಮತ್ತೆ ಪಟ್ಟಿ ಎಳೆದೆ. ಗಾಡಿ ಸತ್ತಂತೆ ಬಿದ್ದಿತು. ಒರೆಸಿದೆ. ಎದ್ದಿತು. ರೋಗವನ್ನು ಕರೆದಾಗ ಬರಿಸಿ, ಹೋಗೆಂದಾಗ ಕಳಿಸಿದರೆ ಮಾತ್ರ ಅದನ್ನು ಹಿಡಿದಂತೆ. ಹೊಸಬರು ಇದೊಂದನ್ನು ನೆನಪಿಟ್ಟರೂ ಸಾಕು.

ಮಾಸ್ತರರ ಮುಖದಲ್ಲಿ ಏನೋ ಬದಲಾಯಿತು. ಬಡಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಎಂಟನೇ ಇಯತ್ತೆಯ ಮಕ್ಕಳ ಮುಂದೆ ನಿಂತವರ ಹಾಗೆ ಬೆರಳೆತ್ತಿದರು. "ಶಾಂತಾ, ಇಲ್ಲಿ ನೋಡು. ಬೂದಿಯೊಳಗ ಉಪ್ಪಿನಂಶ ಇರತೈತಿ. ಒಣಾ ಇದ್ರ ಕರೆಂಟ್ ಹರಿಯೂದುಲ್ಲ. ನೀರ ಬಿತ್ತಂದ್ರ ಉಪ್ಪು ಕರಗಿ ದಾರಿ ಕೊಡತೈತಿ. ಕರೆಂಟ್ ಯಾವಾಗ್ಲೂ ಸಸಾರ ದಾರಿ ಹಿಡೀತೈತಿ, ಸೋಮಾರಿ ಹುಡುಗರಂಗ." ಅಷ್ಟು ಹೇಳುವಷ್ಟರಲ್ಲಿ ಉಸಿರು ಸಿಕ್ಕಿತು. ನಿಂತು, ಉಸಿರು ತಗೊಂಡು, ಮೆಲ್ಲಗೆ ಅಂದರು: "ಇಷ್ಟ ನನಗ ಹೊಳೀಲಿಲ್ಲ. ಗಾಡಿ ನನ್ನ ಬ್ಯಾಡ ಅಂದೈತಿ ಅಂತ ತಿಳಕೊಂಡೆ."

ಶಾಂತಾಬಾಯಿ ಗಾಡಿಯಿಂದ ಇಳಿದು ಬಂದಿದ್ದರು. ಮುಖ ಬಿಳಿಚಿತ್ತು. "ಅಂದ್ರ ನಾನs ನಿಲ್ಲಸತಿದ್ನ್ಯಾ? ಹೋಗಿ ಬರ್ಲಿ ಅಂತ ಹಚ್ಚಿ, ನಾನs ತಡದ್ನ್ಯಾ? ಎಷ್ಟ್ ಸಲ ಇವರಿಗೆ ತಾಸು ಕಡಿಮಿ ಬಿತ್ತು ನನ್ನಿಂದ…"

"ನೀವಲ್ಲ ಅಕ್ಕಾರ, ನಾನು," ಎಂದೆ. "ನಾ ಕಲಿಸಿದ್ದು, ನೀವು ನಂಬಿದ್ರಿ. ತಪ್ಪು ನಂದು. ಬೇಕಾದ್ರ ಬೈರಿ."

ಅವರು ವಿಭೂತಿಯ ಕೈಯನ್ನು ಎಲ್ಲಿಡಬೇಕೋ ತಿಳಿಯದವರ ಹಾಗೆ ಎತ್ತಿ ಹಿಡಿದುಕೊಂಡೇ ನಿಂತಿದ್ದರು. ಬೆರಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಏಳು ಗಂಟೆಯಾಗಿತ್ತು. ನಾನು ಬಾನೆಟ್ ಹಾಕಿದೆ. ಮಾಸ್ತರರು ಹಿಂದಿನ ಬಾಗಿಲು ತಾವೇ ತೆರೆದು, ಸೀಟಿನ ಅಂಚಿಗೆ ಕೂತರು. ಒಳಗೆ ಕಾಲೆಳೆದುಕೊಳ್ಳುವ ಮೊದಲು ಹೆಂಡತಿಯನ್ನು ನೋಡಿ ಹಣೆ ಮುಂದೆ ಮಾಡಿದರು.

"ಗಾಡೀದ ಪಾಲೂ ನನಗs ಹಚ್ಚಿಬಿಡು," ಎಂದರು. "ನನ್ನ ಮ್ಯಾಲ ಎಷ್ಟ ಹಚ್ಚಿದ್ರೂ ನಾ ಬಂದ್ ಬೀಳೂದುಲ್ಲ."

ಶಾಂತಾಬಾಯಿ ಮೊದಲಿನ ಪಟ್ಟಿಗಳ ಮೇಲೆ ಇನ್ನೂ ಮೂರು ಎಳೆದರು. ಹಣೆ ತುಂಬ ಬಿಳಿಯಾಯಿತು. ನಗುತ್ತಿದ್ದರೋ ಅಳುತ್ತಿದ್ದರೋ, ಆ ಒದ್ದೆ ಬೆರಳುಗಳನ್ನು ಬಹಳ ಹೊತ್ತು ಅಲ್ಲಿಂದ ತೆಗೆಯಲಿಲ್ಲ. "ನಡಿ ನಡಿ, ಪಾಳಿ ತಪ್ಪತೈತಿ," ಎಂದು ಮಾಸ್ತರರೇ ಅವಸರ ಮಾಡಿದರು.